ಹಿಂದಿನ ಚಕ್ರದ ಸೊಸೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶೆಡ್ಡಿನ ತಗಡಿನ ಬಾಗಿಲು ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಬಿಳಿ ಬಣ್ಣದ ಎಲೆಕ್ಟ್ರಿಕ್ ಡೆಲಿವರಿ ವ್ಯಾನೊಂದು ಹಿಂದಿನ ಎರಡೂ ಚಕ್ರ ಕಳಚಿಕೊಂಡು ಲಿಫ್ಟಿನ ಮೇಲೆ ಆಳೆತ್ತರಕ್ಕೆ ಏರಿ ನಿಂತಿದೆ. ಅದರ ಕೆಳಗೆ, ತಲೆಗೆ ಬಟ್ಟೆ ಬಿಗಿದು ಹಣೆಗೆ ದೀಪ ಕಟ್ಟಿಕೊಂಡ ಹೆಂಗಸೊಬ್ಬಳು ಬೋಲ್ಟೊಂದರ ಜೊತೆ ಗುದ್ದಾಡುತ್ತಿದ್ದಾಳೆ. ತುಕ್ಕು ಹಿಡಿದ ಬೋಲ್ಟು ಜಪ್ಪಯ್ಯ ಅಂದರೂ ಜಗ್ಗುತ್ತಿಲ್ಲ. “ಬಾರಪ್ಪ, ಬಾ. ನಿಂಗೂ ಸಾಕಾಗಿದೆ, ನಂಗೂ ಸಾಕಾಗಿದೆ. ಇಬ್ರೂ ಬೇಗ ಮುಗಿಸೋಣ” ಎಂದು ಮಗುವಿಗೆ ಉಣ್ಣಿಸುವವಳ ಹಾಗೆ ಪುಸಲಾಯಿಸುತ್ತಾಳೆ.

ಪಕ್ಕದ ಸ್ಟೂಲಿನ ಮೇಲೆ ಒಬ್ಬ ಮುದುಕರು ಕೂತಿದ್ದಾರೆ. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ಕೂದಲು, ತೊಡೆಯ ಮೇಲೆ ಸಾಮಾನಿನ ಡಬ್ಬಿ. “ಮಾವ, ದೊಡ್ಡ ಸ್ಪ್ಯಾನರ್ ಕೊಡಿ” ಎಂದು ಆಕೆ ಕೈ ಚಾಚುತ್ತಾಳೆ. ಅವರು ಡಬ್ಬಿಯಲ್ಲೆಲ್ಲ ತಡಕಾಡಿ, ಬಹಳ ಯೋಚಿಸಿ, ಒಂದು ಸ್ಕ್ರೂಡ್ರೈವರ್ ಕೊಡುತ್ತಾರೆ. “ಹಾ, ಇದೇ” ಎಂದು ಇಸಿದುಕೊಂಡು ಅದನ್ನು ಎಡಗಡೆಯ ಜೇಬಿಗೆ ಹಾಕುತ್ತಾಳೆ. ಬಲಗಡೆಯ ಜೇಬಿನಿಂದ, ಮೊದಲೇ ಇಟ್ಟುಕೊಂಡಿದ್ದ ಸ್ಪ್ಯಾನರನ್ನು ಸದ್ದಿಲ್ಲದೆ ತೆಗೆಯುತ್ತಾಳೆ. ಕೆಲಸ ಮುಗಿಯುವ ಹೊತ್ತಿಗೆ ಆಕೆಯ ಎಡಜೇಬು ಬೇಡದ ಸಾಮಾನುಗಳಿಂದ ಜೋತುಬಿದ್ದಿರುತ್ತದೆ. ಪ್ರತಿದಿನದ ಕಥೆಯೂ ಇದೇ.

ಇಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಆಕೆ ‘ಸೊಸೆ’. ಆಕೆಗಿಂತ ಚಿಕ್ಕ ವಯಸ್ಸಿನ ಡ್ರೈವರುಗಳೂ “ಸೊಸೆ, ನಮ್ ಗಾಡಿ ಹಿಂದುಗಡೆ ಏನೋ ಲೊಟಲೊಟ ಅಂತಿದೆ ನೋಡು” ಅನ್ನುತ್ತಾರೆ. ಸ್ಟೂಲಿನ ಮೇಲೆ ಕೂತಿರುವ ಮಾವ ಈ ಶೆಡ್ಡಿನ ಮೇಸ್ತ್ರಿಯಾಗಿದ್ದವರು. ಗಾಡಿಯ ಹಿಂದಿನ ಚಕ್ರ, ಅದರ ತೋಳು, ಸ್ಪ್ರಿಂಗು ಅಂದರೆ ಅವರದು ಎತ್ತಿದ ಕೈ.

ಸೊಸೆ ದಿನಬೆಳಗಾದರೆ ಬದಲಿಸುವುದು ಒಂದು ಸಣ್ಣ ಭಾಗವನ್ನು. ಅದಕ್ಕೆ ಬುಶ್ ಅನ್ನುತ್ತಾರೆ. ಹಿಂದಿನ ಚಕ್ರವನ್ನು ಗಾಡಿಯ ಮೈಗೆ ಜೋಡಿಸುವ ಕಬ್ಬಿಣದ ತೋಳಿನ ತುದಿಯಲ್ಲಿ, ಉಕ್ಕಿನ ಬಳೆಯೊಳಗೆ ಕೂತಿರುವ ರಬ್ಬರಿನ ತುಂಡು ಅದು. ರಸ್ತೆಯ ಪೆಟ್ಟನ್ನೆಲ್ಲ ತಾನು ತಿಂದು ಮೇಲಕ್ಕೆ ತಿಳಿಯಗೊಡದೆ ಇರುವುದು ಅದರ ಪಾಡು. ಬ್ಯಾಟರಿ ಹೊತ್ತ ವ್ಯಾನುಗಳು ಮಣಭಾರ. ಅದರ ಮೇಲೆ ಪಾರ್ಸೆಲ್ಲುಗಳ ಹೇರು ಬೇರೆ. ಹಾಗಾಗಿ ಬುಶ್ ಬೇಗ ಸವೆಯುತ್ತದೆ. ಡೀಸೆಲ್ ಗಾಡಿಯಾಗಿದ್ದರೆ ಇಂಜಿನ್ನಿನ ಗದ್ದಲದಲ್ಲಿ ಈ ಸದ್ದು ಮುಚ್ಚಿಹೋಗುತ್ತಿತ್ತು. ಎಲೆಕ್ಟ್ರಿಕ್ ಗಾಡಿ ಮೂಕಪ್ರಾಣಿ, ಒಂದು ಕಟಕ್ ಅಂದರೂ ಡ್ರೈವರಿನ ಕಿವಿಗೆ ಬೀಳುತ್ತದೆ. ಬಂದ ಗಾಡಿಯನ್ನು, ಊರಿಗೆ ಪಾರ್ಸೆಲ್ ಹಂಚುವ ಹೊತ್ತಾಗುವುದರೊಳಗೆ, ಸಿದ್ಧ ಮಾಡಿ ಕಳಿಸಬೇಕು. ದಿನಕ್ಕೆ ನಾಲ್ಕೈದು ಗಾಡಿಗಳಾದರೂ ಸೊಸೆಯ ಕೈಕೆಳಗೆ ಹಾದುಹೋಗುತ್ತವೆ.

ಆಕೆ ಇಲ್ಲಿಗೆ ಬಂದದ್ದು ಗಾಡಿ ತೊಳೆಯುವ ಕೆಲಸಕ್ಕೆ. ಗಂಡ ಇದೇ ಕಂಪನಿಯ ವ್ಯಾನ್ ಓಡಿಸುತ್ತಿದ್ದ, ಮಾವ ಮೇಸ್ತ್ರಿ. ಒಂದು ದಿನ ಗಾಡಿಯ ಕೆಳಗಿದ್ದ ಮಾವ, “ಯಾರಲ್ಲಿ? ಸ್ವಲ್ಪ ದೀಪ ಹಿಡೀರಿ” ಎಂದು ಕೂಗಿದರು. ಹತ್ತಿರದಲ್ಲಿದ್ದವಳು ಈಕೆಯೇ. ಸೊಸೆಯ ಕೈಯಲ್ಲಿ ದೀಪ ಹಿಡಿಸುವುದು ಹೇಗೆಂದು ಮೊದಲು ಮುಜುಗರಪಟ್ಟರು. “ಆಮೇಲೆ ನಾನು ದೀಪ ಅಲ್ಲಾಡಿಸ್ದೆ ಹಿಡಿದಿದ್ದು ನೋಡಿ, ನಾಳೆನೂ ಬಾ ಅಂದ್ರು. ಆ ನಾಳೆ ಇವತ್ತಿಗೂ ಮುಗಿದಿಲ್ಲ” ಎಂದು ನಗುತ್ತಾಳೆ. ಗಾಡಿಗಳು ಡೀಸೆಲ್ಲಿನಿಂದ ಕರೆಂಟಿಗೆ ಬದಲಾದಾಗ ಹಳೆಯ ಮೆಕ್ಯಾನಿಕ್‌ಗಳು ಮೂಗು ಮುರಿದು ಬೇರೆ ದಾರಿ ಹಿಡಿದರು. ಮಾವ ಮಾತ್ರ ಆ ವಯಸ್ಸಿನಲ್ಲೂ ಭಾರಿ ಕರೆಂಟು ಹರಿಯುವ ಕಿತ್ತಳೆ ಬಣ್ಣದ ವೈರುಗಳ ತಂಟೆಗೆ ಹೋಗಬಾರದು, ಬ್ಯಾಟರಿಯ ಹೊಟ್ಟೆಗೆ ಜಾಕ್ ಕೊಡಬಾರದು ಎಂಬುದನ್ನೆಲ್ಲ ಹೊಸದಾಗಿ ಕಲಿತು, ಕಲಿತದ್ದನ್ನೆಲ್ಲ ಸೊಸೆಗೆ ದಾಟಿಸಿದರು.

ಎಲ್ಲಕ್ಕಿಂತ ಹೆಚ್ಚಾಗಿ ಅವರು ಒತ್ತಿ ಒತ್ತಿ ಹೇಳುತ್ತಿದ್ದದ್ದು ಒಂದೇ ಮಾತು. ಬುಶ್ ಕೂರಿಸಿ ತೋಳು ಜೋಡಿಸಿದ ಮೇಲೆ ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಬಿಡಬೇಕು, ಅಷ್ಟೇ. ಗಾಡಿ ಕೆಳಗಿಳಿದು ತನ್ನ ಭಾರ ತಾನು ಹೊತ್ತು ನಿಂತ ಮೇಲೆಯೇ ಕೊನೆಯ ಬಿಗಿ ಕೊಡಬೇಕು. ತೋಳು ಗಾಳಿಯಲ್ಲಿ ಜೋತಾಡುವಾಗಲೇ ಬಿಗಿದುಬಿಟ್ಟರೆ ರಬ್ಬರು ಆ ಜೋತ ಭಂಗಿಯಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಗಾಡಿಯನ್ನು ನೆಲಕ್ಕಿಳಿಸಿದಾಗ ಭಾರಕ್ಕೆ ತಿರುಚಿಕೊಂಡು, ನಿಂತಲ್ಲೂ ಓಡುವಲ್ಲೂ ಹಿಂಸೆಪಟ್ಟು, ಕೆಲವೇ ದಿನಗಳಲ್ಲಿ ಹರಿದುಹೋಗುತ್ತದೆ. ಹೊಸಬರೆಲ್ಲ ಮಾಡುವ ತಪ್ಪು ಇದು. ಕಣ್ಣಿಗೆ ಕಾಣುವುದಿಲ್ಲ, ಗಾಡಿ ಅಚ್ಚುಕಟ್ಟಾಗಿ ಹೊರಟುಹೋಗುತ್ತದೆ. “ಈ ತಪ್ಪಿಗೆ ಮಾವ ಎಷ್ಟ್ ಜನರ ಕಿವಿ ಹಿಂಡಿದ್ದಾರೋ ಲೆಕ್ಕ ಇಲ್ಲ. ನಂದೂ ಹಿಂಡಿದ್ದಾರೆ, ಸೊಸೆ ಅಂತಾನೂ ನೋಡ್ಲಿಲ್ಲ” ಅನ್ನುತ್ತಾಳೆ.

ಎರಡು ವರ್ಷದ ಹಿಂದೆ, ಮಳೆ ಬಿಟ್ಟ ಒಂದು ಬೆಳಿಗ್ಗೆ, ಗಂಡನ ವ್ಯಾನೇ ಶೆಡ್ಡಿಗೆ ವಾಪಸು ಬಂತು. ತಿರುವಿನಲ್ಲಿ ಗಾಡಿಯ ಹಿಂಭಾಗ ಸರಕ್ಕನೆ ಜಾರಿ, ಪಾರ್ಸೆಲ್ಲುಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಆತ ಕೂದಲೆಳೆಯಲ್ಲಿ ಗೋಡೆ ತಪ್ಪಿಸಿಕೊಂಡು ಬಂದಿದ್ದ. ಹಿಂದಿನ ಬುಶ್ಶುಗಳನ್ನು ಬದಲಿಸಿ ತಿಂಗಳೂ ಆಗಿರಲಿಲ್ಲ. ಸೊಸೆ ತೋಳನ್ನು ಬಿಚ್ಚಿದಳು. ರಬ್ಬರು ಉಕ್ಕಿನ ಸುತ್ತ ತಿರುಚಿಕೊಂಡು ಹರಿದಿತ್ತು. ಜೋತಾಡುವಾಗ ಬಿಗಿದ ಬುಶ್ ಅಂತ ನೋಡಿದ ಕೂಡಲೇ ಗೊತ್ತಾಯಿತು. ಯಾರ ಕೆಲಸ ಎಂದು ಬೋಲ್ಟಿನ ತಲೆ ನೋಡಿದಳು. ಕೊನೆಯ ಬಿಗಿ ಕೊಟ್ಟವರು ಗುರುತಿಗೆ ಬಿಳಿ ಬಣ್ಣದ ಗೀರು ಎಳೆಯುವುದು ಇಲ್ಲಿನ ರೂಢಿ. ಎಲ್ಲರದೂ ಒಂದು ಗೀರು, ಮಾವನದು ಮಾತ್ರ ಎರಡು. ಬೋಲ್ಟಿನ ಮೇಲೆ ಎರಡು ಗೀರುಗಳಿದ್ದವು.

“ನಂಗೆ ಭಯ ಆಗಿದ್ದು ಗಾಡಿ ಕೆಟ್ಟಿದ್ದಕ್ಕಲ್ಲ” ಎನ್ನುತ್ತಾಳೆ ಸೊಸೆ. “ಅದಕ್ಕೂ ಮುಂಚೆ ಸಣ್ಣಪುಟ್ಟದ್ದೆಲ್ಲ ಇತ್ತು. ಕನ್ನಡಕ ಹಾಕ್ಕೊಂಡೇ ಕನ್ನಡಕ ಹುಡುಕೋದು, ಊಟ ಆಗಿದ್ರೂ ಊಟ ಆಯ್ತಾ ಅಂತ ಕೇಳೋದು. ವಯಸ್ಸಾಯ್ತಲ್ಲ ಅಂತ ಎಲ್ರೂ ನಗ್ತಿದ್ವಿ. ಆದ್ರೆ ಆ ಬೋಲ್ಟ್ ಮಾತ್ರ ಮಾವ ಮರೆಯೋ ಅಂಥದ್ದಲ್ಲ. ಅದನ್ನೇ ಮರೆತ್ರು ಅಂದ್ರೆ, ಮಾವ ನಮ್ಮ ಕೈಬಿಟ್ಟು ಹೊರಟ್ರು ಅಂತ ಅವತ್ತೇ ಗೊತ್ತಾಯ್ತು.”

ಸೂಪರ್‌ವೈಸರ್ ಬಂದು “ಯಾರು ಬಿಗಿದಿದ್ದು?” ಎಂದು ಕೇಳುವ ಹೊತ್ತಿಗೆ ಸೊಸೆ ಬಟ್ಟೆಯಿಂದ ಆ ಗೀರುಗಳನ್ನು ಒರೆಸಿಯಾಗಿತ್ತು. “ನಾನೇ ಸಾರ್, ಅವಸರದಲ್ಲಿ ತಪ್ಪಾಯ್ತು” ಅಂದಳು. ಮಾವ ಪಕ್ಕದಲ್ಲೇ ನಿಂತಿದ್ದರು. ಅವರಿಗೆ ಏನೂ ನೆನಪಿರಲಿಲ್ಲ. ಹತ್ತು ಜನರ ಮುಂದೆ ಸೊಸೆಗೆ ಚೆನ್ನಾಗಿ ಬೈದರು. “ನನ್ನ ಹತ್ರ ಕಲಿತವಳು ಹೀಗಾ ಮಾಡೋದು? ನನ್ನ ಮಗ ಸಾಯ್ತಿದ್ನಲ್ಲೇ!” ಅಂದರು. ಸೊಸೆ ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡಳು. ಇನ್ನೊಬ್ಬರ ತಪ್ಪನ್ನು ತಲೆಯ ಮೇಲೆ ಎಳೆದುಕೊಳ್ಳುವವರು ಉಂಟು. ಆ ತಪ್ಪು ಮಾಡಿದವರ ಕೈಯಲ್ಲೇ ಬೈಸಿಕೊಂಡು ತುಟಿ ಪಿಟಕ್ಕೆನ್ನದವರು ಎಷ್ಟು ಜನ ಸಿಕ್ಕಾರು?

ಆ ತಿಂಗಳು ಆಕೆಗೂ ಮೇಸ್ತ್ರಿ ಕೆಲಸ ಸಿಗಬೇಕಿತ್ತು. ತಪ್ಪಿಹೋಯಿತು. ಮತ್ತೆ ಗಾಡಿ ತೊಳೆಯಲು ಹಾಕಿದರು. ಮನೆಯಲ್ಲಿ ಗಂಡ ಮುಖ ಊದಿಸಿಕೊಂಡು, “ಬರ್ದೇ ಇರೋ ಕೆಲಸಕ್ಕೆ ಯಾಕ್ ಕೈ ಹಾಕ್ತೀಯ?” ಎಂದು ಅನ್ನುತ್ತಲೇ ಇದ್ದ. ನಿಜ ಹೇಳಿದರೆ ಮಾವ ಮಾರನೆಯ ದಿನದಿಂದಲೇ ಮನೆ ಹಿಡಿಯುತ್ತಾರೆ. ಗಾಡಿಯ ಕೆಳಗೆ ಬದುಕು ಸವೆಸಿದ ಜೀವ ನಾಲ್ಕು ಗೋಡೆಗಳ ನಡುವೆ ಎಷ್ಟು ದಿನ ತಡೆದೀತು ಎಂಬುದೊಂದೇ ಆಕೆಯ ಭಯ. ಹಾಗಾಗಿ ಎಲ್ಲವನ್ನೂ ನುಂಗಿಕೊಂಡಳು. ತೊಳೆಯುವ ನೆಪದಲ್ಲಿ, ಮಾವ ಕೆಲಸ ಮಾಡಿದ ಪ್ರತಿ ಗಾಡಿಯ ಕೆಳಗೂ ತೂರಿ, ಬೋಲ್ಟುಗಳನ್ನು ಸಡಿಲಿಸಿ ಮತ್ತೆ ಸರಿಯಾಗಿ ಬಿಗಿದು ಬರುತ್ತಿದ್ದಳು. ಊರಿನ ಬೀದಿಗಳಲ್ಲಿ ಅಷ್ಟು ಗಾಡಿಗಳು ಅಪಾಯವಿಲ್ಲದೆ ಓಡಾಡಿದ್ದು ಹೀಗೆ, ನೀರಿನ ಪೈಪು ಹಿಡಿದ ಹೆಂಗಸಿನ ದೆಸೆಯಿಂದ.

ಗುಟ್ಟು ಎಷ್ಟು ದಿನ ನಿಂತೀತು? ಸೂಪರ್‌ವೈಸರ್ ಕಣ್ಣೆದುರೇ ಒಂದು ದಿನ ಮಾವ, ಗಾಳಿಯಲ್ಲಿ ಜೋತಾಡುತ್ತಿದ್ದ ತೋಳಿಗೆ ಶಕ್ತಿಯೆಲ್ಲ ಹಾಕಿ ಬಿಗಿ ಕೊಟ್ಟರು. ಆಮೇಲೆ ಕೈಯಲ್ಲಿದ್ದ ಸ್ಪ್ಯಾನರನ್ನೇ ನೋಡುತ್ತಾ, ಅದು ಏನೆಂದು ತಿಳಿಯದವರಂತೆ ನಿಂತುಬಿಟ್ಟರು. ಓಡಿಬಂದ ಸೊಸೆಯ ಮುಖ ನೋಡಿಯೇ ಸೂಪರ್‌ವೈಸರಿಗೆ ಹಳೆಯದೆಲ್ಲ ಅರ್ಥವಾಯಿತು. ಆ ಸಂಜೆ ಗಂಡ ತನ್ನ ವ್ಯಾನಿನ ಸೀಟಿನಲ್ಲಿ ಕೂತವನು ಕೆಳಗಿಳಿಯಲೇ ಇಲ್ಲ. “ಅಪ್ಪಂಗೆ ಹೀಗಾಗಿದೆ ಅಂತ ಅಳಲಾ, ಇಷ್ಟು ದಿನ ಇವಳಿಗೆ ಅಂದಿದ್ದಕ್ಕೆ ಅಳಲಾ, ಗೊತ್ತಾಗ್ಲಿಲ್ಲ” ಎನ್ನುತ್ತಾನೆ ಆತ, ಈಗಲೂ ತಲೆಯೆತ್ತದೆ.

ಸೂಪರ್‌ವೈಸರ್ ಕಲ್ಲುಹೃದಯದವರಲ್ಲ. ಸೊಸೆಯನ್ನು ಗಾಡಿ ತೊಳೆಯುವುದರಿಂದ ಬಿಡಿಸಿ ಮತ್ತೆ ರಿಪೇರಿಗೆ ಹಾಕಿದರು. ಮಾವ ಬರಬಹುದು, ಸೊಸೆಯ ಪಕ್ಕ ಕೂರಬಹುದು. ಆದರೆ ಓಡುವ ಗಾಡಿಯ ಬೋಲ್ಟಿಗೆ ಅವರ ಕೈ ಸೋಕಿದ ದಿನವೇ ಕೊನೆಯ ದಿನ. ಹೀಗಾಗಿ ಸೊಸೆ ಒಂದು ಕಣ್ಣು ಕೆಲಸದ ಮೇಲೆ, ಒಂದು ಕಣ್ಣು ಮಾವನ ಮೇಲೆ ಇಟ್ಟು ದುಡಿಯುತ್ತಾಳೆ. ಮೂಲೆಯ ಬೆಂಚಿಗೆ ಗುಜರಿಯಿಂದ ತಂದ ಹಳೆಯ ತೋಳೊಂದನ್ನು ಕಚ್ಚಿಸಿಟ್ಟಿದ್ದಾಳೆ. ಮಧ್ಯಾಹ್ನದವರೆಗೂ ಮಾವ ಅದನ್ನು ಬಿಚ್ಚುತ್ತಾರೆ, ಜೋಡಿಸುತ್ತಾರೆ, ಬಿಗಿಯುತ್ತಾರೆ. ಸೊಸೆ ಬಂದು ಗಂಭೀರವಾಗಿ ಪರೀಕ್ಷಿಸಿ “ಪರ್ಫೆಕ್ಟ್ ಮಾವ, ಗಾಡಿ ಕಳಿಸಬಹುದು” ಅನ್ನುತ್ತಾಳೆ. ಅವರ ಮುಖ ಅರಳುತ್ತದೆ. ಆ ತೋಳು ಯಾವ ಗಾಡಿಗೂ ಹೋಗುವುದಿಲ್ಲ. ಸುತ್ತಲಿನವರು ಬೇರೆಡೆ ಮುಖ ತಿರುಗಿಸಿಕೊಳ್ಳುತ್ತಾರೆ.

ಈಗಲೂ ಆಕೆ ಮೇಸ್ತ್ರಿಯಲ್ಲ, ಸಹಾಯಕಿ. ಹಾಗೆಂದು ಮರುಗುವುದೂ ಇಲ್ಲ. ಇದನ್ನೆಲ್ಲ ಪೇಪರಿನಲ್ಲಿ ಬರೆದರೆ ಬೇಸರವಿಲ್ಲವೇ ಎಂದು ಕೇಳಿದರೆ, “ಬರೀರಿ. ಮಾವಂಗೆ ಈಗ ಪೇಪರ್ ಓದಕ್ಕಾಗಲ್ಲ. ಓದಕ್ಕಾಗ್ತಿದ್ರೆ ನಾನೇ ಬೇಡ ಅಂತಿದ್ದೆ” ಎನ್ನುತ್ತಾಳೆ. ಮುಂದೇನು ಆಸೆ ಎಂದರೆ ಮಾವನ ಕಡೆ ನೋಡುತ್ತಾಳೆ. “ನಾನ್ಯಾರು ಅಂತ ಮರೆತ್ರೂ ಪರವಾಗಿಲ್ಲ. ಮನೇಲಿ ಆಗ್ಲೇ ಒಂದೊಂದ್ ಸಲ ಮರೀತಾರೆ. ಕೆಲಸಕ್ಕೆ ಹೊರಡ್ಬೇಕು ಅನ್ನೋದೊಂದು ನೆನಪಿರ್ಲಿ. ಅಷ್ಟಿದ್ರೆ ನಾನು ಕರ್ಕೊಂಡ್ ಬರ್ತೀನಿ.”

ಈಗ ಬಾಗಿಲು ಪೂರ್ತಿ ಮೇಲೆದ್ದಿದೆ. ಹೊಸ ಬುಶ್ ಕೂತಾಗಿದೆ, ಚಕ್ರ ಏರಿಸಿಯಾಗಿದೆ. ವ್ಯಾನು ನಿಧಾನವಾಗಿ ಇಳಿದು ನೆಲ ಮುಟ್ಟಿ, ಒಮ್ಮೆ ಮೈ ಕುಲುಕಿ ನಿಲ್ಲುತ್ತದೆ. ಸೊಸೆ ಹಲಗೆಯ ಮೇಲೆ ಅಂಗಾತ ಮಲಗಿ ಅದರಡಿಗೆ ಜಾರುತ್ತಾಳೆ. ಎಡಕ್ಕೊಂದು, ಬಲಕ್ಕೊಂದು ಕೊನೆಯ ಬಿಗಿ. ಹೊರಗೆ ಬಂದಾಗ ಮಾವ ಸ್ಟೂಲಿನಿಂದೆದ್ದು ಆಕೆಯನ್ನೇ ನೋಡುತ್ತಿದ್ದಾರೆ. ಅವರ ಕಣ್ಣಲ್ಲಿ ಅಪರಿಚಿತರ ಬಗ್ಗೆ ಇರುವ ಮರ್ಯಾದೆ.

“ಗಾಡಿ ಇಳಿಸಿ ಬಿಗಿದ್ರಲ್ಲ, ಬಹಳ ಸರಿ. ಎಲ್ರೂ ಹೀಗ್ ಮಾಡಲ್ಲ. ಯಾರ ಹತ್ರ ಕಲಿತ್ರಿ ತಾಯಿ?”

ಸೊಸೆ ಸ್ಪ್ಯಾನರನ್ನು ಬಲಜೇಬಿಗೆ ಹಾಕುತ್ತಾಳೆ. “ನಮ್ಮ ಮಾವನ ಹತ್ರ.”

“ಓ. ಒಳ್ಳೆ ಕೆಲಸಗಾರರು ಇರ್ಬೇಕು. ಈಗ್ಲೂ ಕೆಲಸಕ್ಕೆ ಬರ್ತಾರಾ ಅವರು?”

ಕೈ ಒರೆಸಿಕೊಳ್ಳುತ್ತಾ ಆಕೆ ಅವರ ಅಂಗಿಯ ಮಡಚಿದ ಕಾಲರನ್ನು ಸರಿಮಾಡುತ್ತಾಳೆ.

“ದಿನಾ ಬರ್ತಾರೆ” ಎನ್ನುತ್ತಾಳೆ. “ಒಂದ್ ದಿನಾನೂ ತಪ್ಪಿಸಲ್ಲ.”