ಉಪ್ಪಳದಲ್ಲಿ ಉಳಿದುಕೊಂಡ ತಂಡ

ಮಂಜುಗಡ್ಡೆಗೆ ವಾಸನೆ ಇಲ್ಲವೆಂದು ಹೈಸ್ಕೂಲಿನ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದವನು ನಾನು. ಪಠ್ಯಪುಸ್ತಕವೂ ಹಾಗೆಯೇ ಹೇಳುತ್ತದೆ. ಆದರೆ ಕಳೆದ ವಾರ ಉಪ್ಪಳದ ಮೀನು ಮಾರ್ಕೆಟಿನ ಎದುರು ಟೆಂಪೋದಿಂದ ಐಸಿನ ಗಟ್ಟಿಗಳನ್ನು ಇಳಿಸುತ್ತಿದ್ದಾಗ, ಒದ್ದೆ ಗೋಣಿ ಮತ್ತು ಮರದ ಹುಡಿಯ ನಡುವಿನಿಂದ ಒಂದು ವಾಸನೆ ಎದ್ದು ಬಂದು ನನ್ನ ಮೂಗಿನೆದುರು ನಿಂತಿತು. ಮೀನಿನದ್ದಲ್ಲ, ಗೋಣಿಯದ್ದೂ ಅಲ್ಲ. ತಣ್ಣಗಿನ, ಸ್ವಲ್ಪ ಕಬ್ಬಿಣದ, ಮುಂಜಾನೆ ಆಗಷ್ಟೇ ಬೀಗ ತೆಗೆದ ಕೋಣೆಯ ವಾಸನೆ... ಬಂಗುಡೆ ತೂಗಿಟ್ಟ ಹೆಂಗಸು “ಎಂತ ಮಾಸ್ಟ್ರೇ, ಬೇಕಾ ಬೇಡ್ವಾ?” ಎಂದು ಕೇಳುತ್ತಲೇ ಇದ್ದಳಂತೆ. ನಾನು ಆ ಹೊತ್ತಿಗೆ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕಾಕನ ಕೂಲ್ ಬಾರಿನ ಬೆಂಚಿನ ಮೇಲಿದ್ದೆ.

ಕಾಕ ಎಂದರೆ ಹೆದ್ದಾರಿ ಬದಿಯಲ್ಲಿ ಶರಬತ್ತು, ಜ್ಯೂಸು, ಐಸ್‌ಕ್ರೀಮು ಮಾರುತ್ತಿದ್ದ ಹಿರಿಯ ಬ್ಯಾರಿಗಳೊಬ್ಬರು. ಅವರಿಗೊಂದು ಹೆಸರಿತ್ತು, ಅದು ರೇಷನ್ ಕಾರ್ಡಿನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಹರೆಯದಲ್ಲಿ ಅವರು ಗಲ್ಫಿನಲ್ಲಿದ್ದರು. ಅಲ್ಲಿಯ ಒಂದು ದೊಡ್ಡ ಮಾಲಿನಲ್ಲಿ, ಹೊರಗೆ ಮರಳು ಕಾಯುತ್ತಿರುವಾಗ ಒಳಗೆ ಮಂಜಿನ ಮೈದಾನವಿತ್ತಂತೆ. ಗೀರು ಬಿದ್ದ ಆ ಐಸಿನ ಮೇಲೆ ನಿಧಾನವಾಗಿ ಒಂದು ಗಾಡಿ ಓಡಿಸಿ ಅದನ್ನು ಮತ್ತೆ ಕನ್ನಡಿಯಂತೆ ನುಣುಪು ಮಾಡುವುದು ಕಾಕನ ಉದ್ಯೋಗ. ಅಲ್ಲಿ ಆಡಲು ಬರುತ್ತಿದ್ದ ಒಬ್ಬ ಬಿಳಿಯ ಎಂಜಿನಿಯರು ಅವರಿಗೆ ತನ್ನ ಊರಿನ ತಂಡದ ಅಂಗಿಯೊಂದನ್ನು ಕೊಟ್ಟಿದ್ದ. ನೀಲಿ ಅಂಗಿ, ಎದೆಯ ಮೇಲೆ ಒಂಟಿ ಕಾಲಲ್ಲಿ ನಿಂತ ಬಿಳಿ ಕೊಕ್ಕರೆ. ನಮ್ಮ ಗದ್ದೆಯ ಹಕ್ಕಿಯನ್ನು ಅಷ್ಟು ದೂರದ ಚಳಿ ದೇಶದವರು ಎದೆಗೆ ಹಚ್ಚಿಕೊಂಡಿದ್ದಾರೆ ಎಂಬುದೇ ಕಾಕನಿಗೆ ಸಾಕಾಯಿತು. ಅಂದಿನಿಂದ ಅವರು ಆ ತಂಡದವರು.

ಐಸ್ ಹಾಕಿ ಎಂದರೆ ಕಾಲಿಗೆ ಬ್ಲೇಡಿನ ಬೂಟು ಕಟ್ಟಿಕೊಂಡು, ಚೆಂಡಿನ ಬದಲು ಕಪ್ಪು ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಅಟ್ಟುವ ಆಟ. ಆ ಚಳಿ ದೇಶದ ರಾತ್ರಿ ನಮಗೆ ಬೆಳಗು. ಕಾಕ ಮುಂಜಾನೆಯ ಸುಬಹಿ ನಮಾಜು ಮುಗಿಸಿ ನೇರ ಅಂಗಡಿಗೆ ಬಂದು, ಮೊಬೈಲನ್ನು ಟಿವಿಗೆ ಜೋಡಿಸಿ ಪಂದ್ಯ ಹಾಕುತ್ತಿದ್ದರು. ಆ ಹೊತ್ತಿಗೆ ಶರಬತ್ತು ಕುಡಿಯುವ ಮನುಷ್ಯರು ಯಾವ ಧರ್ಮದಲ್ಲೂ ಇಲ್ಲವಾದ್ದರಿಂದ ಚಹಾ ಮಾಡಿ ಕೊಡುತ್ತಿದ್ದರು. ಮಂಗಳೂರಿನ ಶಾಲೆಗೆ ಹೋಗಲು ಬೆಳಗಿನ ರೈಲು ಹಿಡಿಯುತ್ತಿದ್ದ ನಾನು ಮೊದಮೊದಲು ಚಹಾಕ್ಕೆಂದು ಹೋದವನು, ಬರಬರುತ್ತಾ ಆಟಕ್ಕೆಂದು ಹೋಗತೊಡಗಿದೆ. ಇನ್ನೊಬ್ಬರು ಆಚೆ ಬದಿಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಿದ್ದ ಶೆಟ್ರು. ಹೀಗೆ ಉಪ್ಪಳದ ಐಸ್ ಹಾಕಿ ಅಭಿಮಾನಿ ವೃಂದದಲ್ಲಿ ಅಧ್ಯಕ್ಷರು ಕಾಕ, ವಿರೋಧ ಪಕ್ಷ ಶೆಟ್ರು, ಸಾರ್ವಜನಿಕರು ನಾನು.

“ಗೋಲು ಕಾಯುವ ಆ ಗೋಲಿಯನ್ನು ತೆಗೀಬೇಕು ಕಾಕ. ಅವನಿಗೆ ಕಣ್ಣು ಕಾಣೂದಿಲ್ಲ,” ಎನ್ನುವರು ಶೆಟ್ರು.

“ಕಣ್ಣು ಕಾಣ್ತದೆ. ಎದುರು ನಿಲ್ಲುವ ಡಿಫೆನ್ಸಿನವರು ನಿಮ್ಮ ಹಾಗೆ, ಬಾಯಿ ಮಾತ್ರ,” ಎನ್ನುವರು ಕಾಕ.

ಮಂಜು ಬಿಡಿ, ಆಲಿಕಲ್ಲನ್ನೂ ಸರಿಯಾಗಿ ನೋಡದ ನಾವು, ಸಮುದ್ರಗಳಾಚೆಯ ತಂಡದ ಕೋಚನ್ನು ವಜಾ ಮಾಡಿ, ಮತ್ತೆ ನೇಮಿಸಿ, ಪುನಃ ವಜಾ ಮಾಡುವಷ್ಟರಲ್ಲಿ ನನ್ನ ರೈಲಿನ ಹೊತ್ತಾಗುತ್ತಿತ್ತು.

ಒಂದು ಬೆಳಿಗ್ಗೆ ಶೆಟ್ರು ಮೊಬೈಲಿನಿಂದ ತಲೆಯೆತ್ತದೆ ಸುದ್ದಿ ಹೇಳಿದರು. “ಮಾರಿದ್ರಂತೆ ಮಾರಾಯ್ರೇ. ತಂಡ ಬೇರೆ ಊರಿಗೆ ಹೋಗ್ತದಂತೆ, ಯಾವುದೋ ಸೆಕೆಯ ಊರಿಗೆ. ಹೊಸ ಹೆಸರು, ಹೊಸ ಬಣ್ಣ, ಹೊಸ ಮ್ಯಾನೇಜರ್. ಕೊಕ್ಕರೆ ಕ್ಯಾನ್ಸಲ್.”

“ಯಾರನ್ನು ಕೇಳಿ?” ಅಂದರು ಕಾಕ.

“ನಿಮ್ಮನ್ನು ಕೇಳ್ಬೇಕಿತ್ತಾ?”

“ಕೇಳಿದ್ರೆ ಬೇಡ ಅಂತಿದ್ದೆ.”

ಕಾಕ ನಮಗೆ ಬೆನ್ನು ಹಾಕಿ ಒಲೆಯ ಮುಂದೆ ನಿಂತೇ ಇದ್ದರು. ಹಾಲು ಉಕ್ಕಿ ಚೆಲ್ಲಿತು. ಸಮಾಧಾನ ಮಾಡಲೆಂದೋ ಏನೋ ಶೆಟ್ರು ತಮ್ಮ ಮನೆತನದ ನ್ಯಾಯಶಾಸ್ತ್ರ ತೆಗೆದರು. “ಜಾಗ ಮಾರಿದ್ರೂ ಅದನ್ನು ಕಾಯುವ ದೈವ ಜಾಗದಲ್ಲೇ ಕಾಕ. ತಗೊಂಡವ ಯಾರೇ ಆಗ್ಲಿ, ಅದಕ್ಕೆ ವರ್ಷಕ್ಕೊಮ್ಮೆ ಕೊಡುವುದನ್ನು ಕೊಡ್ಬೇಕು. ಮಾರಿದವ ಗಂಟು ಕಟ್ಟಿ ಕೊಂಡುಹೋಗ್ಲಿಕ್ಕೆ ಇಲ್ಲ. ಈಗ ಅಲ್ಲಿಂದ ಹೋದದ್ದು ಆಟಗಾರರು. ತಂಡ ಹೋಗ್ಲಿಲ್ಲ.”

“ದೈವ ಎಲ್ಲ ನಂಗೆ ಗೊತ್ತಿಲ್ಲ ಶೆಟ್ರೇ,” ಅಂದರು ಕಾಕ. ಚೆಲ್ಲಿದ ಹಾಲು ಒರೆಸುತ್ತಾ, “ಆದ್ರೆ ಅಲ್ಲಿ ಸ್ಟೇಡಿಯಂ ಕೆಡವ್ತಾರಂತೆ. ಮತ್ತೆ ಅಲ್ಲಿ ಉಳಿದವರು ಎಲ್ಲಿ ಇರುವುದು?”

ತಮಾಷೆ ಎಂದೇ ನಾನು ತಿಳಿದುಕೊಂಡೆ. ಶೆಟ್ರೂ ನಕ್ಕರು.

ಮುಂದಿನ ಸೀಸನ್ ಶುರುವಾಯಿತು. ಹೊಸ ಊರಿನ ತಂಡದ ಪಂದ್ಯವನ್ನು ಕಾಕ ಹಾಕಲಿಲ್ಲ. ಆದರೆ ಅದೇ ಹೊತ್ತಿಗೆ ಬಾಗಿಲು ತೆರೆದು, ನೀಲಿ ಅಂಗಿ ತೊಟ್ಟು, ಆರಿಸಿಟ್ಟ ಟಿವಿಯ ಎದುರು ಕುಳಿತರು. ನಾವು ಸಾವಿನ ಮನೆಗೆ ಹೋದವರಂತೆ ಸುಮ್ಮನೆ ಚಹಾ ಕುಡಿದೆವು. ಒಮ್ಮೆಲೇ ಕಾಕ ತೊಡೆ ತಟ್ಟಿಕೊಂಡು, “ಛೆ! ಎದುರಿನವರು ಹಾಕಿದ್ರು,” ಅಂದರು.

“ಎಂತ ಹಾಕಿದ್ದು?”

“ಗೋಲು. ಮತ್ತೆಂತ?”

ಹೀಗೆ ಆರಂಭವಾಯಿತು. ದಿನವೂ ಕಾಕ ಕಪ್ಪು ಗಾಜನ್ನು ನೋಡುವುದು, ನಡುನಡುವೆ ಒಂದೊಂದು ಮಾತು ಹೇಳುವುದು, ಕೊನೆಗೆ ಸ್ಕೋರು ತಿಳಿಸುವುದು. ಮುದುಕರ ದುಃಖ, ಮಳೆಗಾಲದ ಹೊತ್ತಿಗೆ ಇಳಿದೀತು ಎಂದುಕೊಂಡೆವು. ಆದರೆ ನನ್ನನ್ನು ಕಾಡಿದ್ದು ಬೇರೆ. ಕೊಕ್ಕರೆ ಸೋಲುತ್ತಿತ್ತು. ಬೇಕಾದ ಹಾಗೆ ಕಲ್ಪಿಸಿಕೊಳ್ಳುವವನು ತನ್ನ ತಂಡವನ್ನು ಗೆಲ್ಲಿಸಬಾರದೇ? ಕಾಕನ ಕೊಕ್ಕರೆ ಸಾಲಾಗಿ ಸೋತಿತು, ಅಲ್ಲೊಂದು ಇಲ್ಲೊಂದು ಗೆದ್ದಿತು, ಗೆದ್ದ ಮರುದಿನ ನಾಚಿಕೆಗೇಡಾಗಿ ಸೋತಿತು. ಕಾಕ ಆ ದಿನಗಳಲ್ಲಿ ನಿಜಕ್ಕೂ ಉಣ್ಣುತ್ತಿರಲಿಲ್ಲ. ಶೆಟ್ರಂತೂ ಇಲ್ಲದ ತಂಡದ ಇಲ್ಲದ ಕೋಚಿನ ಮೇಲೆ ಇರುವ ಸಿಟ್ಟನ್ನೆಲ್ಲ ಕಾರತೊಡಗಿದರು. “ಆ ಮುದಿ ಗೋಲಿಯನ್ನು ಯಾಕೆ ಇನ್ನೂ ಇಟ್ಟುಕೊಂಡಿದ್ದಾರೆ?” ಎಂದು ಮೇಜು ಗುದ್ದಿದರು.

“ಬಿಟ್ಟು ಹೋಗ್ಲಿಕ್ಕೆ ಅವನಿಗೆ ಮನಸ್ಸಿಲ್ಲ,” ಅಂದರು ಕಾಕ.

ಶೆಟ್ರು ಬಾರದ ಒಂದು ದಿನ ನಾನೊಬ್ಬನೇ ಅವರ ಪಕ್ಕದಲ್ಲಿದ್ದೆ. ಹೊರಗೆ ಮಾರ್ಚಿನ ಸೆಕೆ. ಬೆಳಗಾಗುವ ಮೊದಲೇ ಬನಿಯನ್ ಬೆನ್ನಿಗಂಟಿತ್ತು. ಕಾಕ ಏನೋ ಹೇಳಲು ಬಾಯಿ ತೆರೆದಾಗ ಅವರ ಬಾಯಿಯಿಂದ ಬಿಳಿ ಹಬೆ ಹೊರಟಿತು. ಚಹಾದ್ದಿರಬೇಕು ಎಂದು ಲೋಟ ನೋಡಿದೆ. ಬರಿದಾಗಿತ್ತು. ಕಣ್ಣು ತಿರುಗಿಸಿ ಟಿವಿಯ ಕಪ್ಪು ಗಾಜಿನತ್ತ ನೋಡಿದೆ. ಅದರಲ್ಲಿ ಕಾಕ ಕಾಣುತ್ತಿದ್ದರು, ನಾನು ಕಾಣುತ್ತಿದ್ದೆ, ನಮ್ಮ ಹಿಂದಿನ ಬೆಂಚು ಕಾಣುತ್ತಿತ್ತು. ಬೆಂಚಿನಲ್ಲಿ ಜನ ಇದ್ದರು. ಅದರ ಹಿಂದೆ ಗೋಡೆ ಇರಬೇಕಾದಲ್ಲಿ ಇನ್ನೊಂದು ಸಾಲು, ಅದರ ಹಿಂದೆ ಮತ್ತೊಂದು... ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು. ಎಲ್ಲಿಯೋ ಬಹಳ ದೂರದಲ್ಲಿ ಚೂರಿ ಮಸೆದಂತೆ ಒಂದು ಸದ್ದು, ಉದ್ದಕ್ಕೆ.

ತಿರುಗಿ ನೋಡಿದೆ. ಖಾಲಿ ಬೆಂಚು, ಕಿತ್ತಳೆ ಹಣ್ಣಿನ ಪೆಟ್ಟಿಗೆ, ಗೋಡೆಯಲ್ಲಿ ಹಳೆಯ ಕ್ಯಾಲೆಂಡರ್.

“ಹೆದರ್ಬೇಡಿ ಮಾಸ್ಟ್ರೇ,” ಅಂದರು ಕಾಕ, ಟಿವಿಯಿಂದ ಕಣ್ಣು ತೆಗೆಯದೆ. “ಪಾಪದವರು. ಬೇರೆ ಜಾಗ ಇಲ್ಲ.”

ಆ ದಿನ ನಾನು ರೈಲಿಗೆ ಬಹಳ ಬೇಗ ತಲುಪಿದೆ. ಶೆಟ್ರಿಗೆ ಹೇಳಲಿಲ್ಲ. ವಿಜ್ಞಾನದ ಮೇಷ್ಟ್ರಿಗೆ ಇರಬೇಕಾದ ಮರ್ಯಾದೆ ಅಂತ ಒಂದು ಉಂಟಲ್ಲ.

ಆಮೇಲೆ ಹೆದ್ದಾರಿ ಅಗಲ ಮಾಡುವ ಕೆಲಸ ನಮ್ಮ ಪೇಟೆಗೂ ಬಂತು. ಅಳತೆಯವರು ಬಂದು ಗೋಡೆಗೆ ಬಣ್ಣದ ಗುರುತು ಹಾಕಿಹೋದರು. ಕೂಲ್ ಬಾರು ಇಡಿಯಾಗಿ ಗುರುತಿನ ಈಚೆಗೆ, ರಸ್ತೆಗೆ ಹೋಗುವ ಪಾಲಿನಲ್ಲಿತ್ತು. ಕಾಕನ ಅಳಿಯ, ಒಳ್ಳೆಯ ಹುಡುಗ, ಆಗಷ್ಟೇ ಗಲ್ಫಿನಿಂದ ಬಂದವನು, ಸ್ಟೇಷನ್ ರಸ್ತೆಯ ಹೊಸ ಕಟ್ಟಡದಲ್ಲಿ ಒಂದು ಕೋಣೆ ಹಿಡಿದ. ಗಾಜಿನ ಬಾಗಿಲು, ಎಸಿ, ಗೋಡೆಯಷ್ಟು ದೊಡ್ಡ ಟಿವಿ. “ಮಾವ ಇನ್ನು ಆರಾಮ ಕೂತ್ಕೊಂಡ್ರೆ ಸಾಕು. ಅಂಗಡಿ ನಾನು ನೋಡಿಕೊಳ್ತೇನೆ. ಬೋರ್ಡಿಗೂ ಹೊಸ ಹೆಸರು ಹಾಕುವ,” ಅಂದ.

ಕಾಕ ನಮ್ಮಿಬ್ಬರ ಮುಖ ನೋಡಿದರು. “ಹೊಸ ಹೆಸರು, ಹೊಸ ಬಣ್ಣ, ಹೊಸ ಮ್ಯಾನೇಜರ್,” ಅಂದರು. ನಗಲಿಲ್ಲ.

ಆ ವಾರವಿಡೀ ಅವರು ಕೇಳಿದ್ದು ಒಂದೇ ಪ್ರಶ್ನೆ. “ನಾನು ಹೇಗಾದ್ರೂ ಎಲ್ಲಿಯಾದ್ರೂ ಕೂತೇನು. ಅವರಿಗೆ ದಾರಿ ಗೊತ್ತಾಗ್ತದಾ? ಒಮ್ಮೆ ಎಬ್ಬಿಸಿ ಕಳಿಸಿದವರನ್ನು ಇನ್ನೊಮ್ಮೆ ಎಬ್ಬಿಸುವುದಾ ಮಾಸ್ಟ್ರೇ?”

ಶೆಟ್ರ ಬಳಿ ಉತ್ತರವಿತ್ತು. ಅವರ ಬಳಿ ಯಾವಾಗಲೂ ಇರುತ್ತದೆ. ರಸ್ತೆಗೆಂದು ಅವರ ಮನೆತನದ ದೈವದ ಗುಡಿಯನ್ನೂ ಸರಿಸಿಯಾಗಿತ್ತು. “ಕದಲಿಸಬಹುದು ಕಾಕ, ಆದ್ರೆ ಕ್ರಮ ಉಂಟು. ಮೊದಲು ಬನ್ನಿ ಅಂತ ಕರೀಬೇಕು. ಹಳೇ ಜಾಗದ ಒಂದು ಹಿಡಿ ಮಣ್ಣು ತಗೊಂಡು ನಡೆದೇ ಹೋಗ್ಬೇಕು. ಹೊಸ ಜಾಗ ಮುಟ್ಟುವವರೆಗೆ ಹೊತ್ತವನ ಬಾಯಿಂದ ಒಂದು ಮಾತು ಬರ್ಲಿಕ್ಕಿಲ್ಲ. ಬಂದ್ರೆ ದೈವ ಹಳೇ ಜಾಗಕ್ಕೇ ತಿರುಗಿ ಹೋಗ್ತದೆ.”

“ಮಣ್ಣು ನಮ್ಮ ಕ್ರಮ ಅಲ್ಲ,” ಅಂದರು ಕಾಕ. “ಐಸ್ ತಗೊಂಡು ಹೋಗುವ.”

ಅಂಗಡಿಯ ಕೊನೆಯ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಉಳಿದಿದ್ದ ಐಸಿನ ಗಟ್ಟಿಯನ್ನು ಗೋಣಿಯಲ್ಲಿ ಸುತ್ತಿ ಕಾಕ ಹೆಗಲಿಗೇರಿಸಿದರು. ಖಾಲಿ ಬೆಂಚಿನ ಕಡೆ ತಿರುಗಿ “ಬನ್ನಿ” ಅಂದರು. ಮೆರವಣಿಗೆ ಹೊರಟಿತು: ಮುಂದೆ ನೀಲಿ ಅಂಗಿಯ ಕಾಕ, ಬೆನ್ನ ಮೇಲೆ ನೀರಿಳಿಯುತ್ತಾ, ಹಿಂದೆ ಮುಂಡು ಎತ್ತಿ ಕಟ್ಟಿದ ಶೆಟ್ರು, ಕೊನೆಗೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ ನಾನು. ಬಸ್ಸಿಗೆ ಕಾಯುತ್ತಿದ್ದವರು ಯಾಕೋ ಎದ್ದು ನಿಂತರು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ನನ್ನ ಹಿಂದೆ ಯಾರೂ ಇಲ್ಲವೆಂದು ಗೊತ್ತಿತ್ತು. ಆದರೂ ಒಮ್ಮೆಯೂ ತಿರುಗಿ ನೋಡಲಿಲ್ಲ.

ಸ್ಟೇಷನ್ ರಸ್ತೆ ತಿರುಗುವಲ್ಲಿ ಮಸೀದಿಯಿಂದ ಬರುತ್ತಿದ್ದ ಒಬ್ಬರು ಮುದುಕರು ಎದುರಾದರು. ಕಾಕನಿಗಿಂತಲೂ ಹಿರಿಯರು, ಕಣ್ಣು ಮಂಜಾದವರು. ಗುರುತು ಹಿಡಿದು, ನಿಂತು, ಪ್ರೀತಿಯಿಂದ “ಅಸ್ಸಲಾಮು ಅಲೈಕುಂ” ಅಂದರು.

ಕಾಕನ ಹೆಜ್ಜೆ ನಿಂತಿತು. ಹೊತ್ತವನು ಮಾತಾಡುವಂತಿಲ್ಲ. ಸಲಾಮು ಹೇಳಿದವರಿಗೆ ಉತ್ತರ ಕೊಡದೆ ದಾಟಿ ಹೋಗುವುದು ಕಾಕ ಜನ್ಮದಲ್ಲಿ ಮಾಡದ ಕೆಲಸ. ಆ ಮುದುಕರು ಮುಖ ಎತ್ತಿ ಕಾಯುತ್ತಿದ್ದರು. ಗೋಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ವಅಲೈಕುಂ ಸಲಾಂ,” ಅಂದರು ಕಾಕ, ಬಹಳ ಮೆಲ್ಲಗೆ.

ಹೊಸ ಅಂಗಡಿ ತಲುಪಿದಾಗ ಗೋಣಿಯೊಳಗೆ ಉಳಿದದ್ದು ತೆಂಗಿನಕಾಯಿಯಷ್ಟು. ಅದನ್ನು ಹೊಸ ಫ್ರೀಜರಿನಲ್ಲಿಟ್ಟು, ಆರಿಸಿದ ದೊಡ್ಡ ಟಿವಿಯ ಎದುರು ಕಾಕ ಕುಳಿತರು. ನಾವೂ ಕುಳಿತೆವು. ಎಸಿ ಗುಂಯ್ ಎನ್ನುತ್ತಿತ್ತು. ಇಷ್ಟು ತಣ್ಣಗಿನ ಕೋಣೆಯಲ್ಲಿ ಅಷ್ಟು ಏನೂ ಇಲ್ಲದಿರುವುದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

“ಸಲಾಮು ಮಾತು ಅಂತ ಲೆಕ್ಕಕ್ಕೆ ಬರೂದಿಲ್ಲ ಕಾಕ,” ಅಂದರು ಶೆಟ್ರು. ಅವರ ಸ್ವರವೇ ಅವರನ್ನು ನಂಬಿರಲಿಲ್ಲ.

ಕಾಕ ಬಹಳ ಹೊತ್ತು ಕಾದರು. ಆಮೇಲೆ ಅಳಿಯನನ್ನು ಕರೆದು, “ನಿನ್ನ ಟಿವಿ ಹಾಕು ಮಗಾ,” ಅಂದರು.

ಮರುದಿನದಿಂದ ಅವರು ಹಳೆಯ ಜಾಗಕ್ಕೆ ಹೋಗತೊಡಗಿದರು. ಕಟ್ಟಡ ಕೆಡವಿ ತಗಡಿನ ಬೇಲಿ ಹಾಕಿದ್ದರು. ಒಳಗೆ ಕೆಂಪು ಮಣ್ಣು, ಜೆಸಿಬಿ, ಕಬ್ಬಿಣದ ಸರಳು. ಕಾಕ ಬೇಲಿಯ ಹೊರಗೆ, ತಗಡಿಗೆ ಕಿವಿಯಿಟ್ಟು ನಿಂತಿರುತ್ತಿದ್ದರು. ನಾನು ದಾರಿಯಲ್ಲಿ ನಿಂತು, “ಸ್ಕೋರ್ ಎಷ್ಟು ಕಾಕ?” ಎಂದು ಕೇಳಿದೆ.

“ಕಾಣೂದಿಲ್ಲ ಮಾಸ್ಟ್ರೇ. ಒಳಗೆ ಜನವೋ ಜನ. ನಂಗೆ ಸೀಟು ಸಿಗ್ಲಿಲ್ಲ.”

ಎಷ್ಟೋ ಬೆಳಿಗ್ಗೆ ಇದೇ ಉತ್ತರ. ಅಳಿಯ ಬಂದು ಕೈಹಿಡಿದು ಕರೆದುಕೊಂಡು ಹೋಗುವನು. ಮರುದಿನ ಮತ್ತೆ ಬೇಲಿಯ ಬಳಿ. ಕೆಲಸಕ್ಕೆ ಬಂದ ಉತ್ತರ ಭಾರತದ ಹುಡುಗರೂ ಅಂಗಡಿಯಿದ್ದ ಆ ಮೂಲೆಯಲ್ಲಿ ಬುತ್ತಿ ಬಿಚ್ಚುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕಾಕ ನನಗೆ ಸ್ಟೇಷನ್ ರಸ್ತೆಯಲ್ಲೇ ಎದುರಾದರು. ಒಗೆದು ಇಸ್ತ್ರಿ ಮಾಡಿದ ನೀಲಿ ಅಂಗಿ. ಮುಖದಲ್ಲಿ ಮದುವೆ ಮನೆಯ ಕಳೆ. “ಇವತ್ತು ಸಿಕ್ಕಿತು ಮಾಸ್ಟ್ರೇ,” ಅಂದರು. “ಮುಂದಿನ ಸಾಲು.” ರೈಲು ಕೂಗಿತು, ನಾನು ಕೈಬೀಸಿ ಓಡಿದೆ.

ಮಧ್ಯಾಹ್ನ ಶೆಟ್ರು ಫೋನು ಮಾಡಿದರು. ಕಾಕ ಮನೆಗೆ ಬಂದು, ಚಳಿ ಆಗ್ತದೆ, ಒಂದು ಕಂಬಳಿ ಕೊಡು ಎಂದು ಹೆಂಡತಿಯನ್ನು ಕೇಳಿ ಮಲಗಿದರಂತೆ. ಮನೆಯ ಫ್ಯಾನುಗಳೆಲ್ಲ ತಿರುಗುತ್ತಿದ್ದ ದಿನ. ಮತ್ತೆ ಏಳಲಿಲ್ಲ.

ಈಗ ಅಲ್ಲಿ ಮೇಲ್ಸೇತುವೆಯ ಕಂಬಗಳು ನಿಂತಿವೆ. ವಾಹನಗಳು ತಲೆಯ ಮೇಲೆ ಹೋಗುತ್ತವೆ. ನಾನು ನಿವೃತ್ತನಾಗಿದ್ದೇನೆ, ಆದರೂ ಬೆಳಗಿನ ಎಚ್ಚರ ತಪ್ಪಿಲ್ಲ. ಅಳಿಯನ ಅಂಗಡಿಯಲ್ಲಿ ಹೊಸ ಊರಿನ ತಂಡದ ಪಂದ್ಯ ನಡೆಯುತ್ತಿರುತ್ತದೆ. ಚೆನ್ನಾಗಿ ಆಡುತ್ತಾರೆ, ಕಪ್ ಕೂಡ ಗೆದ್ದಿದ್ದಾರೆ. ಶೆಟ್ರೂ ನಾನೂ ಚಹಾ ಕುಡಿದು ಎದ್ದು, ಕಂಬಗಳ ಕೆಳಗೆ ಸ್ವಲ್ಪ ಹೊತ್ತು ನಿಲ್ಲುತ್ತೇವೆ. ಏನೂ ಕೇಳಿಸುವುದಿಲ್ಲ. ಕೇಳಿಸಬೇಕೆಂದು ನಿಂತದ್ದೂ ಅಲ್ಲ ಎಂದು ಇಬ್ಬರೂ ನಟಿಸುತ್ತೇವೆ.

ಮೊನ್ನೆ ಶೆಟ್ರು ಇದ್ದಕ್ಕಿದ್ದಂತೆ ಕೇಳಿದರು. “ಕಾಕ ಹೋದ ದಿನ ಕೊಕ್ಕರೆ ಗೆದ್ದಿತಾ ಮಾಸ್ಟ್ರೇ?”

“ಗೆದ್ದಿತು,” ಅಂದೆ.

ಶೆಟ್ರು ನನ್ನ ಮುಖವನ್ನೇ ನೋಡಿದರು. “ನಿಮ್ಮ ಮಾತು ನಂಬ್ಲಿಕ್ಕೆ ಆಗೂದಿಲ್ಲ ಮಾರಾಯ್ರೇ,” ಅಂದರು. “ಕಾಕ ಆಗಿದ್ರೆ ಸೋತದ್ದನ್ನೂ ಹೇಳ್ತಿದ್ರು.”

ಅವರು ಹೇಳಿದ್ದು ಸರಿ. ಗೆದ್ದರೋ ಸೋತರೋ, ಇನ್ನು ನಮಗೆ ಹೇಳುವವರು ಇಲ್ಲ.