ಇಬ್ಬರಿಗೊಂದು ಮೂಳೆಯ ಚೀಲ

ನರ್ಸಿಂಗ್ ಶಾಲೆಯ ಮೊದಲ ವರ್ಷದ ಅನಾಟಮಿಯಲ್ಲಿ ನಾನು ಒಂದೇ ಸಲಕ್ಕೆ ಪಾಸಾದೆ. ಆ ಪಾಸಿನ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಅನ್ನ ತಿಂದಿದ್ದೇನೆ, ತಂಗಿಯ ಮದುವೆ ಮಾಡಿದ್ದೇನೆ, ಈಗ ಪಿಂಚಣಿ ಪಡೆಯುತ್ತಿದ್ದೇನೆ. ಹೇಗೆ ಪಾಸಾದೆ ಎನ್ನುವುದನ್ನು ಮಾತ್ರ ಯಾರಿಗೂ ಹೇಳಿಲ್ಲ. ಹೆಂಡತಿಗೂ ಹೇಳಲಿಲ್ಲ, ಅವಳು ಹೋಗಿ ನಾಲ್ಕು ವರ್ಷವಾಯಿತು. ಅಮ್ಮನಿಗೆ ಗೊತ್ತಿತ್ತು. ಇನ್ನೊಬ್ಬರಿಗೆ ಗೊತ್ತಿತ್ತು. ಇದು ಅವರ ವಿಷಯ.

ಎಪ್ಪತ್ತರ ದಶಕದ ನಡುಭಾಗ. ಅಪ್ಪ ತೀರಿಕೊಂಡಿದ್ದರು. ಚಾಮರಾಜಪೇಟೆಯ ಒಂದು ವಠಾರದಲ್ಲಿ ಅಮ್ಮ, ತಂಗಿ, ನಾನು ಒಂದೂವರೆ ಕೋಣೆಯಲ್ಲಿದ್ದೆವು. ನನ್ನದು ಎಸ್ಸೆಸ್ಸೆಲ್ಸಿ ಆಗಿತ್ತು, ಮುಂದೆ ಓದಿಸುವವರಿರಲಿಲ್ಲ. ನರ್ಸಿಂಗ್ ಶಾಲೆಗೆ ಸೇರಿದರೆ ಓದುವಾಗಲೇ ಸ್ಟೈಪೆಂಡ್ ಸಿಗುತ್ತದೆಂದು ಕೇಳಿ ಅರ್ಜಿ ಹಾಕಿದೆ. ಬಸವನಗುಡಿಯಲ್ಲಿದ್ದ ಸೋದರಮಾವ ಸುದ್ದಿ ತಿಳಿದು ಬಂದು ಜಗುಲಿಯ ಮೇಲೆ ಕೂತರು.

“ಏನಯ್ಯಾ, ಬಿಳೀ ಟೋಪಿನೂ ಹಾಕ್ಕೋತೀಯಾ?”

“ಗಂಡಸರಿಗೆ ಟೋಪಿ ಇಲ್ಲ ಮಾವ.”

“ಪುಣ್ಯ,” ಎಂದು ನಶ್ಯ ಏರಿಸಿಕೊಂಡರು.

ತರಗತಿಯ ತುಂಬ ಹುಡುಗಿಯರು. ಗಂಡಸರು ನಾಲ್ಕೇ ಜನ. ಅವರಲ್ಲೊಬ್ಬರು ನನಗಿಂತ ಹನ್ನೊಂದು ವರ್ಷ ದೊಡ್ಡವರು. ಅದೇ ಆಸ್ಪತ್ರೆಯಲ್ಲಿ ವಾರ್ಡ್ ಬಾಯ್ ಆಗಿದ್ದು, ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಕಟ್ಟಿ, ಆಡಳಿತದವರಿಂದ ವಿಶೇಷ ಅನುಮತಿ ಪಡೆದು ಬಂದಿದ್ದರು. ಅನುಮತಿಗೊಂದು ಕಟ್ಟಳೆಯಿತ್ತು. ಮೊದಲ ವರ್ಷದಲ್ಲಿ ಒಂದು ವಿಷಯ ಫೇಲಾದರೂ ಮತ್ತೆ ವಾರ್ಡ್ ಬಾಯ್ ಕೆಲಸಕ್ಕೇ ಹೋಗಬೇಕು, ಎರಡನೆಯ ಅವಕಾಶವಿಲ್ಲ. ಇದು ತರಗತಿಗೆಲ್ಲ ಗೊತ್ತಿತ್ತು. ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಒಂದು ಕೋಣೆಯಲ್ಲಿದ್ದರು. ಗೋಡೆಯ ಮೇಲೆ ಬುದ್ಧನ ಪಟ. ಅವರ ತಂದೆಯ ಕಾಲಕ್ಕೇ ಮನೆಯವರೆಲ್ಲ ಬೌದ್ಧರಾಗಿದ್ದರು. ಹನ್ನೊಂದು ವರ್ಷ ಕಿರಿಯನಾದ ನನ್ನನ್ನು ಅವರು ‘ನೀವು’ ಎನ್ನುತ್ತಿದ್ದರು. ನಾನು ಅವರನ್ನು ‘ನೀನು’ ಎನ್ನುತ್ತಿದ್ದೆ. ಅದರಲ್ಲಿ ತಪ್ಪಿದೆಯೆಂದು ಆಗ ನನಗೂ ಅನ್ನಿಸಲಿಲ್ಲ, ಕೇಳಿಸಿಕೊಂಡ ಯಾರಿಗೂ ಅನ್ನಿಸಿದ ಹಾಗೆ ಕಾಣಲಿಲ್ಲ.

ಶಾಲೆಯಲ್ಲಿ ಮೂಳೆಗಳ ಸೆಟ್ಟು ಕಡಿಮೆ. ಇಬ್ಬರಿಗೊಂದು ಚೀಲದಂತೆ ಕೊಡುತ್ತಿದ್ದರು. ದಪ್ಪ ಖಾದಿಯ ಚೀಲ; ಅದರೊಳಗೆ ಒಂದು ತಲೆಬುರುಡೆ, ಎಡಬಲ ಬೆರೆತ ಕೈಕಾಲಿನ ಮೂಳೆಗಳು, ಒಂದಷ್ಟು ಪಕ್ಕೆಲುಬು, ಬೆನ್ನೆಲುಬಿನ ಮಣಿಗಳು. ರಿಜಿಸ್ಟರಿನಲ್ಲಿ ಇಬ್ಬರ ಸಹಿ. ಮೂರು ದಿನ ಒಬ್ಬರ ಮನೆ, ಮೂರು ದಿನ ಇನ್ನೊಬ್ಬರ ಮನೆ. ನನಗೂ ಅವರಿಗೂ ಒಂದು ಚೀಲ ಬಂತು.

ಮೊದಲ ದಿನ ಚೀಲವನ್ನು ಮೈಗೆ ತಾಗದಂತೆ ದೂರ ಹಿಡಿದು ಮನೆಗೆ ತಂದೆ. ದೇವರ ಗೂಡಿಗೂ ನನ್ನ ಚಾಪೆಗೂ ನಾಲ್ಕು ಮೊಳ ದೂರ. ಅಮ್ಮ ಮಡಿಯ ಹೆಂಗಸು. ಬಚ್ಚಿಡಲು ನೋಡಿದೆ, ಬುರುಡೆ ಲೊಟಕ್ಕೆಂದಿತು.

“ಏನೋ ಅದು?” ಎಂದಳು.

ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಚೀಲವನ್ನೇ ನೋಡಿದಳು.

“ಗಂಡಸಿಂದೋ ಹೆಂಗಸಿಂದೋ?”

“ಗೊತ್ತಿಲ್ಲಮ್ಮ.”

“ಯಾರೋ ಪಾಪ. ಟ್ರಂಕಿನ ಮೇಲಿಡು, ಕಾಲಿಗೆ ಸಿಗೋ ಹಾಗೆ ಇಡ್ಬೇಡ. ಮುಟ್ಟಿ ಆದ್ಮೇಲೆ ಕೈಕಾಲು ತೊಳ್ಕೊಂಡು ಒಳಗೆ ಬಾ.” ನನ್ನ ಮುಖ ನೋಡಿ ಮತ್ತೆ ಹೇಳಿದಳು: “ನಿಮ್ಮಪ್ಪನ ಅಸ್ಥಿ ನೀನೇ ಅಲ್ವೇನೋ ಆರಿಸಿದ್ದು. ಅವತ್ತು ಹೆದರಲಿಲ್ಲ, ಇವತ್ಯಾಕೆ?”

ಆಮೇಲೆ ಅವಳೇ ಒಗೆದ ಹಳೆಯ ಪಂಚೆಯೊಂದನ್ನು ಅದರ ಮೇಲೆ ಹೊದಿಸಿದಳು. ಸಂಜೆ ದೀಪ ಹಚ್ಚಿ ಅಡುಗೆಗೆ ಇಟ್ಟ ಮೇಲೆ ಬಾಗಿಲ ಬಳಿ ಕೂತು, ಒಂದು ಮೂಳೆಯನ್ನು ಕೋಲಿನಲ್ಲಿ ತೋರಿಸಿ “ಇದೇನು?” ಎನ್ನುವಳು. ನಾನು ಇಂಗ್ಲಿಷ್ ಹೆಸರು ಹೇಳಿದರೆ, “ಹಾಗಲ್ಲ, ನಂಗೆ ಅರ್ಥ ಆಗೋ ಹಾಗೆ ಹೇಳು,” ಎನ್ನುವಳು. “ತೊಡೆ ಮೂಳೆ” ಎಂದರೆ ತನ್ನ ತೊಡೆಯನ್ನು ಮುಟ್ಟಿ ನೋಡಿಕೊಳ್ಳುವಳು. “ಇಷ್ಟು ಉದ್ದನಾ?” ತಂಗಿ ನಗುವಳು.

ನನಗೆ ಇಂಗ್ಲಿಷ್ ಹೆಸರುಗಳು ಬೇಗ ಬಾಯಿಗೆ ಬರುತ್ತಿದ್ದವು. ನನ್ನ ಜೊತೆಗಾರರಿಗೆ ಬರುತ್ತಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ಕೂತು ನಾನು ಹೆಸರು ಹೇಳಿಕೊಡುತ್ತಿದ್ದೆ, ಅವರು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು. ಬದಲಿಗೆ ಅವರು ನನಗೆ ಕೈ ಕಲಿಸಿದರು. ರೋಗಿಯನ್ನು ಮಗ್ಗುಲು ತಿರುಗಿಸುವುದು, ಬೆನ್ನು ಹುಣ್ಣಾಗದಂತೆ ಹಾಸಿಗೆ ಎಳೆದು ಕಟ್ಟುವುದು. ಎಂಟು ವರ್ಷ ಮೈಗಳನ್ನು ಎತ್ತಿ ಇಳಿಸಿದ ಕೈ ಅದು. ಮೂಳೆಯನ್ನೂ ಅವರು ಕೈಯಿಂದಲೇ ಕಲಿಯುತ್ತಿದ್ದರು.

“ಕಣ್ಣು ಮುಚ್ಕೊಳ್ಳಿ,” ಎಂದು ನನ್ನ ಕೈಗೊಂದು ಮೂಳೆ ಕೊಟ್ಟರು. “ಯಾವ ಕಡೇದು, ಎಡದ್ದಾ ಬಲದ್ದಾ?”

“ಕಾಲರ್ ಬೋನ್. ಕಡೆ ಗೊತ್ತಾಗಲ್ಲಪ್ಪ.”

“ಗೊತ್ತಾಗತ್ತೆ. ಚಪ್ಪಟೆ ತುದಿ ಹೆಗಲ ಕಡೆಗೆ ಹೋಗ್ಲಿ. ನುಣ್ಣಗಿರೋದು ಮೇಲಕ್ಕೆ. ದಪ್ಪ ತುದಿ ಕಡೆ ಉಬ್ಬಿದೆಯಲ್ಲ, ಅದು ಮುಂದಕ್ಕೆ. ಈಗ ನಿಮ್ಮ ಮೈಗೇ ಇಟ್ಟು ನೋಡಿ. ಯಾವ ಕಡೆ ಕೂರತ್ತೋ ಆ ಕಡೇದು. ಪುಸ್ತಕ ಯಾಕೆ?”

ಪರೀಕ್ಷೆಗೆ ಮೂರು ವಾರ ಇರುವಾಗ ಟ್ಯೂಟರ್ ಸಿಸ್ಟರ್ ಮೂಳೆಗಳ ಮೇಲೆ ಒಂದು ಬಾಯಿಪರೀಕ್ಷೆ ಇಟ್ಟರು. ಹೆಸರು ಹೇಳಿದರೆ ಸಾಲದು, ಕೈಗೆ ಕೊಟ್ಟ ಮೂಳೆ ಯಾವ ಕಡೆಯದು, ಯಾವುದಕ್ಕೆ ಕೂಡುತ್ತದೆ, ತೋರಿಸಬೇಕು. ನನ್ನ ಜೊತೆಗಾರರು ಒಂದೂ ತಪ್ಪಲಿಲ್ಲ. ನಾನು ಆರರಲ್ಲಿ ನಾಲ್ಕು ತಪ್ಪಿದೆ. ಸಿಸ್ಟರ್ ಎಲ್ಲರ ಮುಂದೆ, “ಫಸ್ಟ್ ಕ್ಲಾಸ್ ಎಸ್ಸೆಸ್ಸೆಲ್ಸಿ ಅಂತೀಯ. ಅವರ ಹತ್ರ ಹೋಗಿ ಕಲಿ,” ಎಂದರು. ಹುಡುಗಿಯರು ನಕ್ಕರು. ಅವರು ನಗಲಿಲ್ಲ. ಆದರೂ ನನಗೆ ಉರಿದದ್ದು ಅವರ ಮೇಲೆ.

ಮುಂದಿನ ಸೋಮವಾರ ಚೀಲ ಅವರಿಗೆ ಕೊಡಬೇಕಿತ್ತು. ನಾನು ಬರಿಗೈಯಲ್ಲಿ ಹೋದೆ. ದಾರಿಯುದ್ದಕ್ಕೂ ಏನು ಹೇಳಲಿ ಎಂದು ಯೋಚಿಸಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಯೋಚಿಸಿದ್ದೆ.

“ಚೀಲ ಎಲ್ಲಿ?” ಎಂದರು.

“ಹೋಯ್ತು ಕಣಯ್ಯ. ಅಮ್ಮ ಹಟ ಮಾಡಿದ್ಲು. ಅಸ್ಥಿ ಇಷ್ಟು ದಿನ ಮನೇಲಿ ಇರಬಾರ್ದಂತೆ. ಪುರೋಹಿತರನ್ನ ಕರ್ಕೊಂಡು ಹೋಗಿ ಕೆಂಪಾಂಬುಧಿ ಕೆರೇಲಿ ಬಿಟ್ಟುಬಂದ್ಬಿಟ್ಳು.”

ಅವರು ನಂಬಿದರು. ನಮ್ಮ ಮನೆಯಂಥ ಮನೆಯಲ್ಲಿ ಹಾಗಾಗುವುದು ಸಹಜವೆಂದು ಯಾರಾದರೂ ನಂಬುತ್ತಿದ್ದರು. ಅದಕ್ಕೇ ಆ ಸುಳ್ಳನ್ನು ಆರಿಸಿಕೊಂಡಿದ್ದೆ. ಆಮೇಲೆ ಕೇಳಿದರು:

“ನಾನು ಮುಟ್ಟಿದ್ದು ಅಂತ ಅಮ್ಮಂಗೆ ಗೊತ್ತಾಯ್ತಾ?”

ಇಲ್ಲ ಎನ್ನಬಹುದಿತ್ತು. ಒಂದೇ ಮಾತು. ನಾನು ನೆಲ ನೋಡಿದೆ. ಆ ನೋಟವನ್ನು ಅವರು ಹೌದೆಂದು ಓದಿಕೊಂಡರು. ಓದಿಕೊಳ್ಳಲಿ ಎಂದೇ ನೋಡಿದ್ದೆ.

“ಸಿಸ್ಟರ್‌ಗೆ ಈಗ ಹೇಳ್ಬೇಡಿ,” ಎಂದರು. “ಚೀಲ ವಾಪಸ್ ಕೊಡೋದು ರಿಸಲ್ಟ್ ಬಂದ್ಮೇಲೆ ತಾನೆ. ಅವಾಗ ನಾನೇ ಹೇಳ್ತೀನಿ, ಬಸ್ಸಲ್ಲಿ ಮರೆತೆ ಅಂತ. ನಿಮ್ಮನೆ ವಿಷ್ಯ ಯಾಕೆ ಎತ್ತೋದು.”

ಪರೀಕ್ಷೆ ಹತ್ತಿರವಾದಾಗ ಯಾರೂ ತಮ್ಮ ಚೀಲವನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ. ಅವರು ಪುಸ್ತಕದ ಚಿತ್ರಗಳನ್ನು ನೋಡಿ ಓದತೊಡಗಿದರು. ಚಿತ್ರದ ಮೂಳೆಗೆ ಹಿಂಭಾಗವಿಲ್ಲ, ಅದು ಕೈಗೆ ಸಿಗುವುದಿಲ್ಲ. ಮೆಟ್ಟಿಲ ಮೇಲೆ ಕೂತು ಬರಿಯ ಬೆರಳುಗಳನ್ನು ಗಾಳಿಯಲ್ಲಿ ಆಡಿಸುತ್ತಿದ್ದುದನ್ನು ನಾನು ನೋಡಿದ್ದೇನೆ. ನಾನೋ, ಮನೆಯಲ್ಲಿ ಅವರು ಕಲಿಸಿದ ಹಾಗೆಯೇ ಕಣ್ಣು ಮುಚ್ಚಿ ಒಂದೊಂದನ್ನೂ ಮೈಗೆ ಇಟ್ಟು ನೋಡುತ್ತಿದ್ದೆ.

ಪರೀಕ್ಷೆಗೆ ಐದು ದಿನವಿದೆ ಎನ್ನುವಾಗ, ಒಂದು ಭಾನುವಾರ ಬೆಳಿಗ್ಗೆ, ಅವರು ನಮ್ಮ ವಠಾರಕ್ಕೆ ಬಂದರು. ನಾನು ಒಳಗೆ ಚಾಪೆಯ ಮೇಲೆ ಮೂಳೆಗಳನ್ನು ಹರಡಿಕೊಂಡಿದ್ದೆ. ಅಮ್ಮ ನಲ್ಲಿಯ ಹತ್ತಿರ ಇದ್ದಳು. ಅವರ ದನಿ ಕೇಳಿ ಬಾಗಿಲು ಮುಂದೆ ಮಾಡಿದೆ, ಕಿಂಡಿಯಿಂದ ನೋಡಿದೆ.

“ಅಮ್ಮಾ, ನಾನು ನಿಮ್ಮ ಮಗನ ಜೊತೇಲಿ ಓದೋನು. ಮೂಳೆ ಚೀಲ ನನ್ ಹತ್ರಾನೂ ಇರ್ತಿತ್ತು. ಅದರಿಂದ ನಿಮಗೆ ತೊಂದ್ರೆ ಆಯ್ತಂತೆ. ಬೇಜಾರ್ ಮಾಡ್ಕೋಬೇಡಿ. ಒಂದೇ ಕೇಳ್ತೀನಿ. ಪುರೋಹಿತರ ಜೊತೆ ಹೋಗಿ ಕೆರೇಲಿ ಯಾವ್ ಕಡೆ ಬಿಟ್ರಿ ಅಂತ ಹೇಳಿದ್ರೆ ನಾನೇ ಇಳಿದು ಹುಡುಕ್ತೀನಿ. ನಂಗೆ ಇದೊಂದೇ ಛಾನ್ಸು.”

ಅಮ್ಮ ಕೊಡ ನೆಲಕ್ಕಿಟ್ಟಳು. ಮುಚ್ಚಿದ ಬಾಗಿಲ ಕಡೆ ನೋಡಿದಳು. ಬಾಗಿಲು ತೆಗೆದು ಕೂಗು ಎಂದು ನನ್ನೊಳಗೆ ಯಾರೋ ಬೇಡಿಕೊಳ್ಳುತ್ತಿದ್ದ ಹಾಗಿತ್ತು, ಆದರೆ ಬಾಗಿಲ ಮೇಲಿಟ್ಟ ಕೈಯನ್ನು ನಾನು ತೆಗೆಯಲಿಲ್ಲ.

“ಆಳ ಇದೆಯಪ್ಪ ಅಲ್ಲಿ, ಇಳೀಬೇಡ,” ಎಂದಳು ಅಮ್ಮ. “ನನ್ನಿಂದ ತಪ್ಪಾಯ್ತು. ಮಕ್ಕಳೊಂದಿಗ ನೀನು. ಕೂತ್ಕೋ, ಒಂದ್ಲೋಟ ಕಾಫಿ ಕುಡಿದು ಹೋಗು.”

“ಬೇಡಮ್ಮ,” ಎಂದು ಅವರು ಕೈಮುಗಿದು ಹೊರಟುಹೋದರು.

ಅಮ್ಮ ಒಳಗೆ ಬಂದು ಕೊಡವನ್ನು ಮೂಲೆಯಲ್ಲಿಟ್ಟಳು. ನಾನು ಮೂಳೆಗಳನ್ನು ಚೀಲಕ್ಕೆ ತುಂಬುತ್ತ ಕೂತಿದ್ದೆ.

“ನನ್ನ ಹೆಸರು ಹೇಳ್ದೆ, ಹೋಗ್ಲಿ,” ಎಂದಳು. “ನಾಳೆ ಬೆಳಿಗ್ಗೇನೇ ತಗೊಂಡ್ಹೋಗಿ ಕೊಡು. ಪುರೋಹಿತರು ಕೆರೇಗೆ ಬಿಡದೆ ಇಟ್ಕೊಂಡಿದ್ರು ಅನ್ನು. ಏನಾದ್ರೂ ಅನ್ನು. ನಿಂಗೆ ಸುಳ್ಳು ಹೇಳೋದು ನಾನೇನು ಕಲಿಸ್ಬೇಕಾಗಿಲ್ಲ.”

“ಕೊಡ್ತೀನಮ್ಮ,” ಎಂದೆ.

ಕೊಡಲಿಲ್ಲ. ಸೋಮವಾರ ನಾಳೆ ಎಂದುಕೊಂಡೆ, ಮಂಗಳವಾರ ಇನ್ನೆರಡು ದಿನಕ್ಕೆ ಏನು ಓದಿಯಾನು ಎಂದುಕೊಂಡೆ. ಅಮ್ಮ ಮತ್ತೆ ಕೇಳಲಿಲ್ಲ. ಆ ದಿನಗಳಲ್ಲಿ ಅವಳು ಬಾಗಿಲ ಬಳಿ ಬಂದು ಕೂರಲೂ ಇಲ್ಲ.

ಪರೀಕ್ಷೆಯ ದಿನ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮೂಳೆಗಳನ್ನಿಟ್ಟಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ನನಗೆ ಮೊಣಕೈಯ ಮೂಳೆ ಕೊಟ್ಟರು, ಆಮೇಲೆ ಸೊಂಟದ್ದು. ಹೇಳಿದೆ. ನಾನು ಹೊರಗೆ ಬರುವಾಗ ನನ್ನ ಜೊತೆಗಾರರು ಒಳಗೆ ಹೋದರು. ಬಾಗಿಲು ತೆರೆದೇ ಇತ್ತು. ಅವರ ಕೈಗೆ ಕಾಲರ್ ಬೋನ್ ಬಂದಿತ್ತು. ನನಗೆ ಅವರೇ ಕಲಿಸಿದ ಮೂಳೆ. ಎಡವೆಂದರು, ಬಲವೆಂದರು, ಮತ್ತೆ ಎಡವೆಂದರು. ಪುಸ್ತಕದ ಚಿತ್ರ ನೆನಪು ಮಾಡಿಕೊಳ್ಳುತ್ತಿದ್ದರು. ಹೆಗಲಿಗೆ ಇಟ್ಟು ನೋಡಲು ಕೈ ಎತ್ತಿದರು. “ಹಾಗೆಲ್ಲ ಮಾಡಬಾರದು, ನೋಡಿ ಹೇಳಿ,” ಎಂದರು ಪರೀಕ್ಷಕರು. ಅಲ್ಲಿಗೆ ಮುಗಿಯಿತು. ಕೈಯಲ್ಲಿ ಮೂಳೆ ಇದ್ದಿದ್ದರೆ ಆ ಹದಿನೈದು ದಿನದಲ್ಲಿ ಅದು ಕಣ್ಣಿಗೂ ಇಳಿದಿರುತ್ತಿತ್ತು. ಇದು ನನ್ನ ಊಹೆಯಲ್ಲ. ನನಗೆ ಹಾಗೆಯೇ ಇಳಿದದ್ದು.

ಪಟ್ಟಿ ಹಚ್ಚಿದ ದಿನ ನನ್ನ ನಂಬರು ಇತ್ತು. ಅವರದು ಇರಲಿಲ್ಲ. ನಾನು ಮನೆಗೆ ಓಡಿ, ಚೀಲ ತಂದು, ಸ್ಟೋರಿನಲ್ಲಿ ಕೊಟ್ಟು, ಸಹಿ ಮಾಡಿ ಬಂದೆ. ಯಾರೂ ಏನೂ ಕೇಳಲಿಲ್ಲ. ಮನೆಯಲ್ಲಿ ಅಮ್ಮ, “ಅವನದು?” ಎಂದಳು. “ಫೇಲು,” ಎಂದೆ. ವಠಾರಕ್ಕೆ ಹಂಚಲೆಂದು ತಂಗಿ ಸಕ್ಕರೆ ತಂದಿದ್ದಳು. ಅಮ್ಮ ಅದನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದಳು.

ಮಾರನೆಯ ವಾರ ಸ್ಟೋರಿನಾಕೆ ನನ್ನನ್ನು ಕಂಡು ನಗುತ್ತ ಹೇಳಿದರು: “ನಿನ್ ಜೊತೆಗಾರ ಬಂದಿದ್ದ ಕಣೋ. ಚೀಲ ಬಸ್ಸಲ್ಲಿ ಬಿಟ್ಟೆ ಅಂತ ಕಾಗದ ಬೇರೆ ಬರ್ಕೊಂಡು. ಫೇಲಾಗಿ ತಲೆ ಕೆಟ್ಟಿರ್ಬೇಕು ಪಾಪ. ಇಲ್ಲೇ ಇದೆಯಲ್ಲಪ್ಪ ಅಂತ ತೆಗೆದು ಕೊಟ್ಟೆ. ಬಿಚ್ಚಿ ಒಂದೊಂದೇ ಮುಟ್ಟಿ ನೋಡ್ದ. ಆಮೇಲೆ ಆ ಕಾಗದ ಮಡಚಿ ಜೇಬಿಗಿಟ್ಕೊಂಡು ಹೋದ.”

ಅವರು ನನ್ನ ಹತ್ತಿರ ಬಂದು ಕೇಳುತ್ತಾರೆ, ಹೊಡೆಯುತ್ತಾರೆ ಎಂದು ಎಷ್ಟೋ ದಿನ ಕಾದೆ. ಬರಲಿಲ್ಲ. ಕಟ್ಟಳೆಯಂತೆ ವಾರ್ಡ್ ಬಾಯ್ ಕೆಲಸಕ್ಕೆ ಹಿಂತಿರುಗಿದರು. ನಾನು ಮೂರು ವರ್ಷ ಮುಗಿಸಿ ಅದೇ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆದೆ. ಗಂಡು ನರ್ಸುಗಳನ್ನು ಎಲ್ಲರೂ ಬ್ರದರ್ ಎನ್ನುತ್ತಿದ್ದರು. ಅವರೂ ಹಾಗೇ ಕರೆದರು. ನಾನು ಅವರನ್ನು ನೀವು ಎನ್ನಲು ಶುರುಮಾಡಿದೆ. ಅದನ್ನು ಅವರು ಗಮನಿಸಿದ ಹಾಗೆ ಕಾಣಲಿಲ್ಲ.

ಎಂಬತ್ತರ ದಶಕದ ಬಹುಪಾಲು ನಾವಿಬ್ಬರೂ ಮೂಳೆ ಮುರಿದವರ ವಾರ್ಡಿನಲ್ಲಿದ್ದೆವು. ಸ್ಟ್ರೆಚರಿನ ಒಂದು ತುದಿ ಅವರು, ಇನ್ನೊಂದು ತುದಿ ನಾನು. ಬಿದ್ದು ಬಂದವರ ಹೆಗಲನ್ನು ಡಾಕ್ಟರು ಬರುವ ಮುಂಚೆ ಅವರು ಮೆಲ್ಲಗೆ ಮುಟ್ಟಿ, “ಇಲ್ಲಿ ಹೋಗಿದೆ ಬ್ರದರ್,” ಎನ್ನುತ್ತಿದ್ದರು. ಎಕ್ಸ್‌ರೇಯಲ್ಲಿ ಅಲ್ಲೇ ಹೋಗಿರುತ್ತಿತ್ತು. ಕೇಸ್ ಶೀಟಿನಲ್ಲಿ ನಾನು ಬರೆಯುತ್ತಿದ್ದೆ. ಅವರು ಮುಂದಿನ ಸ್ಟ್ರೆಚರಿಗೆ ಹೋಗುತ್ತಿದ್ದರು. ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಬಾಯಿ ತೆರೆದಾಗಲೆಲ್ಲ ಅವರು ಯಾವುದಾದರೂ ಕೆಲಸ ಎತ್ತಿಕೊಳ್ಳುತ್ತಿದ್ದರು. ಆ ಮಾತು ಅವರಿಗೆ ಬೇಡವಾಗಿತ್ತೋ, ನನ್ನ ಬಾಯಿಂದ ಬೇಡವಾಗಿತ್ತೋ.

ನನ್ನನ್ನು ಆ ವಾರ್ಡಿನ ಇನ್‌ಚಾರ್ಜ್ ಮಾಡಿದ ವಾರವೇ ಅವರು ಒಂದು ಅರ್ಜಿ ತಂದು ಮೇಜಿನ ಮೇಲಿಟ್ಟರು. ಬಟ್ಟೆ ಒಗೆಯುವ ವಿಭಾಗಕ್ಕೆ ವರ್ಗ ಕೇಳಿದ್ದರು. ಅಲ್ಲಿಗೆ ಯಾರೂ ತಾವಾಗಿ ಹೋಗುತ್ತಿರಲಿಲ್ಲ. ಇಡೀ ದಿನ ಹಬೆ, ರಕ್ತದ ಚಾದರ.

“ಯಾಕೆ?” ಎಂದೆ. “ಇಲ್ಲಿ ನಿಮ್ಮ ಕೈ ಬೇಕು.”

“ಇಷ್ಟು ದಿನ ಎತ್ತಿದ್ದು ಸಾಕು ಬ್ರದರ್.”

“ನಾನು ಇನ್‌ಚಾರ್ಜ್ ಆಗಿದ್ದಕ್ಕಾ?”

ಅವರು ನನ್ನನ್ನು ನೇರವಾಗಿ ನೋಡಿದರು. ಸಿಟ್ಟಿರಲಿಲ್ಲ, ದಣಿವಿತ್ತು. “ಸಹಿ ಮಾಡಿ. ಆಫೀಸು ನಾಲ್ಕಕ್ಕೆ ಮುಚ್ತಾರೆ,” ಎಂದರು.

ಅಲ್ಲಿಯೂ ಹೇಳಬಹುದಿತ್ತು. ಕೋಣೆಯಲ್ಲಿ ಇನ್ಯಾರೂ ಇರಲಿಲ್ಲ. ನಾನು ಪೆನ್ನಿನ ಮುಚ್ಚಳ ತೆಗೆದು ಸಹಿ ಮಾಡಿದೆ. ಅವರು ಕಾಗದ ತೆಗೆದುಕೊಂಡು ಹೋದರು. ನಾಳೆಯಿಂದ ಈ ಮುಖ ಎದುರಿಗಿರುವುದಿಲ್ಲ ಎಂದು ನನ್ನ ಎದೆ ಹಗುರಾಯಿತು. ಮಾಡಿದ್ದೆಲ್ಲದರಲ್ಲಿ ನನಗೆ ಈಗಲೂ ಹೇಳಿಕೊಳ್ಳಲು ಕಷ್ಟವಾಗುವುದು ಅದು.