ಸ್ಪಾಸಣ್ಣನ ಐವತ್ತು ವರ್ಷ ಹಳೆಯ ಪ್ರಶಸ್ತಿಗಳು

ಗುಂಡಿ, ದಾರ ಮಾರುವ ನನ್ನ ಕಣ್ಣಿಗೆ ಸ್ಪಾಸಣ್ಣ ಹಳೆಯ ದಾಸ್ತಾನಿನ ಕೋಟು: ಉಣ್ಣೆ ಗಟ್ಟಿ, ಮೊಣಕೈ ಸವೆದಿದೆ, ರಿಯಾಯಿತಿಗೆ ಇಟ್ಟರೂ ಯಾರೂ ಮುಟ್ಟರು. ನಮ್ಮ ರೂಸೆ ಊರಿನ ಈ ನಿವೃತ್ತ ಹಲ್ಲಿನ ಡಾಕ್ಟರು ಪ್ರತಿ ಜನವರಿಯಲ್ಲೂ ಸಿನಿಮಾ ಪ್ರಶಸ್ತಿ ಘೋಷಿಸುತ್ತಾನೆ, ಅದೂ ಐವತ್ತು ವರ್ಷ ಹಿಂದಿನ ಸಿನಿಮಾಗಳಿಗೆ. "ಹೊಸದು ಹುಳಿ ದ್ರಾಕ್ಷಾರಸ ಕಣೋ, ಮಾಗೋಕೆ ಬಿಡು" ಅನ್ನುತ್ತಾನೆ. ತೀರ್ಪುಗಾರ ಅವನೊಬ್ಬನೇ, ಆದರೂ ಒಮ್ಮತ ಮೂಡುವುದಿಲ್ಲ. ಉತ್ತಮ ನಟನಿಗಿಂತ ಮೊದಲು ಉತ್ತಮ ದವಡೆಯ ಹೆಸರು ಬರುತ್ತದೆ. ಬಹುಮಾನ ಒಂದು ಸೀಸೆ ಕೆಂಪು ಮೆಣಸಿನಕಾಯಿ ಗೊಜ್ಜು. ಗೆದ್ದವರೆಲ್ಲ ಮಣ್ಣು ಸೇರಿರುವುದರಿಂದ ಅವರ ಪರವಾಗಿ ತಾನೇ ಸ್ವೀಕರಿಸಿ ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತಾನೆ. "ಈ ಸಲಾನೂ ನೀವೇ ಗೆದ್ರಾ ಸ್ಪಾಸಣ್ಣ?" ಎಂದು ಕೆಣಕಿದರೆ, "ಬಾಯಿ ಮುಚ್ಚು, ಇಲ್ಲಾ ಅಗಲವಾಗಿ ತೆಗಿ, ಹುಳುಕು ನೋಡ್ತೀನಿ" ಎಂಬ ಉತ್ತರ. ಈ ಜನವರಿಯಲ್ಲಿ ಮಾತ್ರ ಸೀಸೆಯನ್ನು ತಂದು ನನ್ನ ಮುಂದಿಟ್ಟ. "ಉತ್ತಮ ದಾರಿಹೋಕಳು, ನಿಮ್ಮಮ್ಮ. ನಮ್ಮೂರ ಸಂತೇಲಿ ತೆಗೆದ ದೃಶ್ಯ ಇದು. ಆ ಚಿನ್ನದ ಹಲ್ಲು ಕಟ್ಟಿದ್ದು ನಾನೇ ಕಣೋ, ಗುರುತು ಸಿಗದೆ ಇರುತ್ತಾ?" ಎಂದು ಆ ಹಳೆಯ ಸಿನಿಮಾ ಓಡುತ್ತಿದ್ದ ಫೋನನ್ನು ನನ್ನ ಕಣ್ಣೆದುರು ಹಿಡಿದ. ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡ ಅಮ್ಮನದೆಂದು ನನ್ನ ಬಳಿ ಇದ್ದದ್ದು ಗುರುತಿನ ಚೀಟಿಯ ಬಿಗಿದ ಮುಖವೊಂದೇ. ಪರದೆಯಲ್ಲಿ ಅವಳು ಕಲ್ಲಂಗಡಿ ಹೊತ್ತು ಬಂದಳು, ಯಾರಿಗೋ ತಿರುಗಿ ನಕ್ಕಳು, ಜನರ ನಡುವೆ ಮರೆಯಾದಳು. ಅಮ್ಮ ನಡೆಯುವುದನ್ನೂ ನಗುವುದನ್ನೂ ನಾನು ಕಂಡದ್ದು ಸ್ಪಾಸಣ್ಣನಿಂದ.